ಉದ್ದಕ್ಕ ಗಾಡಿ ಕಟ್ಟಿಸಿದ್ದು

ಆ ಮನೆತನದಲ್ಲಿ ಯಾರು ಏನು ಕೊಳ್ಳಬೇಕಾದರೂ ಮೊದಲು ಉದ್ದಕ್ಕನಿಗೆ ಹೇಳಿ ಕಳಿಸುತ್ತಿದ್ದರು. ತಂಗಿಯ ಮನೆಗೆ ಫ್ರಿಜ್ಜು, ನಾದಿನಿಗೆ ಮಂಚ, ಮೈದುನನಿಗೆ ಸ್ಕೂಟರು, ಯಾವುದೇ ಇರಲಿ, ಚೌಕಾಸಿಗೆ ಅವಳೇ ಆಗಬೇಕು. ಅವಳು ಮೆಟ್ಟಿಲು ಹತ್ತುವುದನ್ನು ಕಂಡರೆ ಕೆಲವು ಅಂಗಡಿಯವರು ಕ್ಯಾಲ್ಕುಲೇಟರನ್ನು ಎತ್ತಿ ಡ್ರಾಯರಿನೊಳಗೆ ಇಟ್ಟುಬಿಡುತ್ತಾರೆ ಎಂದು ತಂಗಿ ಕಥೆ ಕಟ್ಟಿ ಹೇಳುತ್ತಿದ್ದಳು. ಬಾಗಿಲ ಚೌಕಟ್ಟಿಗೆ ತಲೆ ತಗುಲದ ಹಾಗೆ ಬಗ್ಗಿ ಒಳಗೆ ಬರಬೇಕಾದಷ್ಟು ಎತ್ತರದವಳಾದ್ದರಿಂದ ಚಿಕ್ಕಂದಿನಲ್ಲೇ ಉದ್ದಕ್ಕ ಎಂಬ ಹೆಸರು ಅಂಟಿಕೊಂಡಿತ್ತು. ಗಿರಾಕಿಗಳೂ ಹಾಗೇ ಕರೆಯುತ್ತಿದ್ದರು. ಅವಳಿಗೂ ಅದರಿಂದ ಬೇಜಾರಿರಲಿಲ್ಲ.

ಕಸುಬಿನಲ್ಲಿ ಅವಳು ದರ್ಜಿ. ಹೊಸ ಬಟ್ಟೆ ಹೊಲಿಯುವುದು ಕಡಿಮೆ, ರಿಪೇರಿಯೇ ಹೆಚ್ಚು. ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಬಿಡಿಸುವುದು, ಜಿಪ್ಪು ಬದಲಾಯಿಸುವುದು, ಹರಿದ ಜೇಬಿಗೆ ಹೊಲಿಗೆ ಹಾಕುವುದು. ಮೂರು ಮಹಡಿಯ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಅವಳ ಅಂಗಡಿ. ಅಲ್ಲಿ ಸೂರು ಓರೆ. ಮೆಷಿನ್ನಿನ ಮುಂದೆ ಕೂತಿದ್ದರೆ ಸರಿ, ಮರೆತು ಎದ್ದರೆ ತಲೆ ಮೆಟ್ಟಿಲಿನ ತಳಕ್ಕೆ ಬಡಿಯುತ್ತಿತ್ತು. ಅವಳೋ ಕೂತಲ್ಲಿ ಕೂರುವ ಪೈಕಿಯವಳಲ್ಲ. ನಾಲ್ಕು ಹೊಲಿಗೆ ಹಾಕಿದರೆ ಎದ್ದು ರಸ್ತೆ ನೋಡಿ ಬರಬೇಕು, ಇಸ್ತ್ರಿ ಕಾಯುವಷ್ಟರಲ್ಲಿ ಕತ್ತರಿ ಸಾಣೆಗೆ ಕೊಟ್ಟು ಬರಬೇಕು. ಹೀಗಾಗಿ ಆ ಮೆಟ್ಟಿಲು ಎಷ್ಟು ಸಲ ಅವಳ ನೆತ್ತಿಗೆ ಕುಟ್ಟಿತ್ತೋ ಲೆಕ್ಕವಿಲ್ಲ.

"ನಿನ್ನ ಕಾಲಿಗೆ ಯಾರೋ ಚಕ್ರ ಕಟ್ಟಿ ಬಿಟ್ಟಿದಾರೆ," ಎಂದು ಗಂಡ ಹೇಳುತ್ತಿದ್ದ. ಅವನು ಶಾಲೆಯೊಂದರ ಪ್ರಯೋಗಾಲಯದ ಅಟೆಂಡರ್. ಗಾಜಿನ ಕೊಳವೆಗಳ ನಡುವೆ ಓಡಾಡಿ ಓಡಾಡಿ ನಿಧಾನವೇ ಮೈಗೂಡಿದ್ದ ಮನುಷ್ಯ.

ಕಟ್ಟಡ ಕೆಡವುತ್ತೇವೆ, ಖಾಲಿ ಮಾಡಿ ಎಂದು ಮಾಲೀಕರು ಹೇಳಿದ ದಿನ ಉಳಿದ ಬಾಡಿಗೆದಾರರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತರು. ಉದ್ದಕ್ಕ ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ಗಂಡನ ಮುಂದೆ ನಿಂತಳು.

"ಇನ್ನೊಂದು ಅಂಗಡಿ ಹುಡುಕಲ್ಲ ಕಣ್ರಿ. ಗಾಡಿ ತಗೊಳ್ತೀನಿ."

"ಏನು ಗಾಡಿ?"

"ಹೊಲಿಗೆ ಗಾಡಿ. ಹಿಂದುಗಡೆ ಮೆಷಿನ್ನು, ಇಸ್ತ್ರಿ ಮೇಜು, ಕನ್ನಡಿ, ಬಟ್ಟೆ ಬದಲಾಯಿಸೋಕೆ ಒಂದು ಪರದೆ. ಆಫೀಸು, ಆಸ್ಪತ್ರೆ, ಹಾಸ್ಟೆಲ್ಲು, ಎಲ್ಲಿ ಜನ ಇರ್ತಾರೋ ಅಲ್ಲಿಗೆ ನಾನೇ ಹೋಗ್ತೀನಿ. ಒಂದು ಜಿಪ್ಪಿಗೋಸ್ಕರ ಜನ ಎರಡು ಬಸ್ಸು ಬದಲಾಯಿಸಿ ಬರ್ತಾರೆ, ಪಾಪ. ಮತ್ತೆ ಅದರೊಳಗೆ ನಾನು ನೆಟ್ಟಗೆ ನಿಂತ್ಕೋಬೇಕು. ಅಷ್ಟು ಎತ್ತರ ಇರಬೇಕು."

ಗಂಡ ಅವಳ ಕಾಲ ಕಡೆ ನೋಡಿದ. "ಚಪ್ಪಲಿ ಬಿಟ್ಟು ಬಾ, ಮಾತಾಡೋಣ," ಎಂದ. ಅವನ ಬಾಯಲ್ಲಿ ಅದು ಒಪ್ಪಿಗೆಯೇ. ಡ್ರೈವಿಂಗ್ ಅವಳಿಗೆ ಬರುತ್ತಿತ್ತು. ತಂಗಿಯ ಗಂಡನ ಸಾಮಾನು ಸಾಗಿಸುವ ಗಾಡಿಯಲ್ಲಿ ಎಂದೋ ಕಲಿತು ಲೈಸೆನ್ಸನ್ನೂ ಮಾಡಿಸಿದ್ದಳು.

ಷೋರೂಮಿನಲ್ಲಿ ಅವಳಿಗೆ ಬೇಕಾದದ್ದು ಮುಂದೆ ಡ್ರೈವರ್ ಕ್ಯಾಬಿನ್, ಹಿಂದೆ ಬರೀ ಉಕ್ಕಿನ ಚೌಕಟ್ಟು ಇರುವ ಸಣ್ಣ ಗಾಡಿ. ಹಿಂದಿನ ಪೆಟ್ಟಿಗೆಯನ್ನು, ಅಂದರೆ ಬಾಡಿಯನ್ನು, ಕಂಪನಿಯವರೂ ಕಟ್ಟಿಕೊಡುತ್ತಿದ್ದರು. ಆದರೆ ಅವರ ಬಾಡಿಯೊಳಗೆ ಉದ್ದಕ್ಕ ಹೋಗಿ ನಿಂತರೆ ಕತ್ತು ಮತ್ತೆ ಓರೆಯಾಯಿತು. ಇಳಿದು ಬಂದವಳೇ ಮ್ಯಾನೇಜರನ ಎದುರು ಕೂತಳು. ಅವನು ಬೆಲೆಯ ಕಾಗದ ಮುಂದಿಟ್ಟು, ಇದು ಕಂಪನಿ ನಿಗದಿ ಮಾಡಿದ ದರ, ನಮ್ಮ ಕೈಯಲ್ಲಿ ಏನೂ ಇಲ್ಲ ಎಂದ.

"ನಿಮ್ಮ ಕೈಯಲ್ಲಿ ಇಲ್ಲದ್ದು ಬೇಡ. ಇರೋದರ ಬಗ್ಗೆ ಮಾತಾಡೋಣ," ಎಂದಳು ಉದ್ದಕ್ಕ. "ಇದೇನು, ಸೀಟು ಕವರ್ರು? ನಾನು ದರ್ಜಿ. ನನಗೆ ಸೀಟು ಕವರ್ ಮಾರ್ತೀರಾ? ತೆಗೀರಿ. ಮ್ಯಾಟು ತೆಗೀರಿ. ಈ ಪಾಲಿಶು ಯಾತಕ್ಕೆ? ಹೊಸ ಗಾಡಿ ಹೊಳೆಯಲ್ವಾ? ತೆಗೀರಿ."

ಹಾಗೆ ಒಂದೊಂದನ್ನೇ ಕಿತ್ತುಹಾಕಿ, ವಿಮೆಯನ್ನೂ ಇಳಿಸಿ, ಬೆಲೆ ಒಂದು ಹದಕ್ಕೆ ಬಂದಮೇಲೆ ವಾರಂಟಿಯ ಮಾತು ಬಂತು. ಕಂಪನಿಯ ಬಾಡಿ ಬಿಟ್ಟು ಹೊರಗೆ ಕಟ್ಟಿಸಿದರೆ ವಾರಂಟಿ ಇರುವುದಿಲ್ಲ ಎಂದ ಮ್ಯಾನೇಜರ್.

"ಯಾವುದರ ವಾರಂಟಿ?"

"ಗಾಡೀದು ಮೇಡಂ."

"ಇಂಜಿನ್ನು ಕಟ್ಟಿದ್ದು ನೀವು. ಬ್ರೇಕು ನಿಮ್ಮದು. ನಾನು ಹಿಂದುಗಡೆ ನಾಲ್ಕು ಬೆರಳು ಹೆಚ್ಚು ಎತ್ತರಕ್ಕೆ ಸೂರು ಹಾಕಿಸಿದ್ರೆ ಮುಂದುಗಡೆ ಇಂಜಿನ್ನಿಗೆ ಏನು ನೆಗಡಿ ಆಗುತ್ತಾ?"

"ರೂಲ್ಸು ಮೇಡಂ."

"ರೂಲ್ಸು ತೋರಿಸಿ."

ಅವನು ಮೇಲಿನವರಿಗೆ ಫೋನು ಹಚ್ಚಿದ. ಮೇಲಿನವರು ಊಟಕ್ಕೆ ಹೋಗಿದ್ದರು. ಉದ್ದಕ್ಕ ಕಾಯುತ್ತೇನೆ ಎಂದಳು. ಕಾಯುವುದೆಂದರೆ ಅವಳಿಗೆ ಕೂರುವುದಲ್ಲವಲ್ಲ. ಇದ್ದ ಗಾಡಿಗಳ ಬಾಗಿಲೆಲ್ಲ ತೆಗೆದು ಮುಚ್ಚಿದಳು, ಕನ್ನಡಿ ಮಡಚಿ ಬಿಚ್ಚಿದಳು, ಹಾರನ್ನು ಒತ್ತಿದಳು. ಬೇರೆ ಗಿರಾಕಿಗಳು ಅವಳನ್ನೇ ಷೋರೂಮಿನವಳೆಂದುಕೊಂಡು ಮೈಲೇಜು ಕೇಳತೊಡಗಿದರು. ಅವಳು ತೋಚಿದ್ದನ್ನು ಹೇಳತೊಡಗಿದಾಗ ಮ್ಯಾನೇಜರನಿಗೆ ಜೀವ ಬಾಯಿಗೆ ಬಂತು. ಸಂಜೆಯ ಹೊತ್ತಿಗೆ ಕಾಗದ ಸಿದ್ಧವಾಯಿತು. ಇಂಜಿನ್, ಗೇರು, ಬ್ರೇಕುಗಳ ಹೊಣೆ ಕಂಪನಿಯದು. ಷರತ್ತು ಒಂದೇ, ಹೊಲಿಗೆ ಮೆಷಿನ್ನಿಗೆ ಬೇರೆ ಬ್ಯಾಟರಿ ಇಡಬೇಕು, ಗಾಡಿಯ ವೈರನ್ನು ಮುಟ್ಟಕೂಡದು. ಉದ್ದಕ್ಕ ಎರಡು ಸಲ ಓದಿ ಸೀಲು ಹಾಕಿಸಿಕೊಂಡಳು.

ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಅವಳ ನೆಮ್ಮದಿ ಕೆಟ್ಟದ್ದು ಮೇಸ್ತ್ರಿಯ ಗ್ಯಾರೇಜಿನಲ್ಲಿ.

ಗಾಡಿಗಳಿಗೆ ಬಾಡಿ ಕಟ್ಟುವುದರಲ್ಲಿ ಆ ಭಾಗದಲ್ಲೆಲ್ಲ ಹೆಸರಾದವನು ಮೇಸ್ತ್ರಿ. ವಯಸ್ಸಾದ ಮನುಷ್ಯ, ಮಿತ ಮಾತು. ಹಾಲಿನ ಗಾಡಿ, ಐಸ್‌ಕ್ರೀಮ್ ಗಾಡಿ, ಪುಸ್ತಕದ ಗಾಡಿ ಎಲ್ಲ ಅವನ ಕೈಯಿಂದಲೇ ಆಚೆ ಬಂದವು. ಉದ್ದಕ್ಕ ತನಗೆ ಬೇಕಾದ್ದನ್ನು ಹೇಳಿದಾಗ ಅವನು ಸೀಮೆಸುಣ್ಣ ತೆಗೆದುಕೊಂಡು ಗ್ಯಾರೇಜಿನ ನೆಲದ ಮೇಲೆ ಗಾಡಿಯ ಹಿಂಭಾಗವನ್ನು ನಿಜವಾದ ಅಳತೆಯಲ್ಲೇ ಬರೆದ. ಮೆಷಿನ್ನು ಇಲ್ಲಿ, ಮೇಜು ಇಲ್ಲಿ. "ಒಳಗೆ ಬನ್ನಿ," ಎಂದ. ಅವಳು ಗೆರೆ ದಾಟಿ ಒಳಗೆ ನಿಂತು ಕೈ ಚಾಚಿ ನೋಡಿದಳು. ಅವನು ಗೋಡೆಗೆ ಅವಳನ್ನು ನಿಲ್ಲಿಸಿ ನೆತ್ತಿಯ ಮೇಲೆ ಒಂದು ಗುರುತು ಹಾಕಿದ, ಅದರ ಮೇಲೆ ಅಂಗೈ ಅಗಲ ಬಿಟ್ಟು ಇನ್ನೊಂದು.

ಆಮೇಲೆ ಬೆಲೆ ಹೇಳಿದ. ಉದ್ದಕ್ಕ ಅಭ್ಯಾಸದಂತೆ ಅದರ ಮೂರರಲ್ಲಿ ಒಂದು ಪಾಲು ಕಡಿದು ಹೇಳಿದಳು. ಅದು ಮಾತು ಶುರು ಮಾಡುವ ಬೆಲೆ. ಇನ್ನು ಅವನು ಕಬ್ಬಿಣದ ದರ ಹೇಳುತ್ತಾನೆ, ಕೂಲಿ ಹೇಳುತ್ತಾನೆ, ತಾನು ಎದ್ದು ಹೊರಟ ಹಾಗೆ ಮಾಡಬೇಕು, ಅವನು ಕರೆಯಬೇಕು, ಎಲ್ಲೋ ನಡುವೆ ಬಂದು ನಿಲ್ಲಬೇಕು.

"ಆಯ್ತು," ಎಂದ ಮೇಸ್ತ್ರಿ.

ಎದ್ದು ಹೊರಟ ಹಾಗೆ ಮಾಡಲೆಂದು ಹೆಗಲಿಗೇರಿಸಿದ್ದ ಚೀಲವನ್ನು ಅವಳು ಕೆಳಗಿಳಿಸಿದಳು. "ವಾರಂಟಿ ಮೂರು ವರ್ಷ ಬೇಕು," ಎಂದಳು. ಅದೂ ಕೇಳಿ ನೋಡೋಣ ಎಂದು ಕೇಳಿದ್ದೇ. ಒಂದು ವರ್ಷಕ್ಕಿಂತ ಹೆಚ್ಚು ಯಾರೂ ಕೊಡುವುದಿಲ್ಲ.

"ಮೂರು ಯಾಕೆ, ಐದು ಅಂತ ಬರ್ಕೊಳ್ಳಿ." ಹಾಗೆಂದು ಬರೆದ ಕಾಗದಕ್ಕೆ ಅಲ್ಲೇ ಸಹಿಯನ್ನೂ ಹಾಕಿದ.

ದಾರಿಯುದ್ದಕ್ಕೂ ಅವಳು ಆ ಲೆಕ್ಕವನ್ನೇ ಮತ್ತೆ ಮತ್ತೆ ಹಾಕಿದಳು. ಮನೆಗೆ ಬಂದು ಗಂಡನಿಗೆ ಹೇಳಿದಳು.

"ಕಮ್ಮಿ ಬೆಲೆಗೆ ಒಪ್ಪಿದ್ದಕ್ಕೂ ಸಂಕಟಾನಾ?" ಎಂದ ಅವನು.

"ಒಂದು ಸಲಾನೂ ತಲೆ ಕೆರ್ಕೊಳ್ಳಲಿಲ್ಲ ಕಣ್ರಿ. ಗಂಟು ಹಾಕದ ದಾರ ಎಳೆದ ಹಾಗೆ ಸರಕ್ಕಂತ ಬಂದುಬಿಡ್ತು. ಎಲ್ಲೋ ಏನೋ ಸರಿ ಇಲ್ಲ."

"ಒಳ್ಳೆ ಮನುಷ್ಯ ಇರಬಹುದು."

"ಒಳ್ಳೆ ಮನುಷ್ಯರೂ ತಲೆ ಕೆರ್ಕೊಳ್ತಾರೆ."

ಅಷ್ಟರಲ್ಲಿ ಅಂಗಡಿ ಖಾಲಿ ಮಾಡುವ ದಿನ ಬಂತು. ಎರಡು ಮೆಷಿನ್ನು, ಇಸ್ತ್ರಿ ಮೇಜು, ಆಳುದ್ದದ ಕನ್ನಡಿ, ದಾರದ ಉಂಡೆಗಳ ಪೆಟ್ಟಿಗೆ, ಎಲ್ಲ ಮನೆಯ ನಡುಕೋಣೆಗೆ ಬಂದು ಕೂತವು. ಅಡುಗೆಮನೆಗೆ ಹೋಗಬೇಕಾದರೆ ಎಲ್ಲರೂ ಹೊಟ್ಟೆ ಎಳೆದುಕೊಂಡು ಅಡ್ಡಡ್ಡ ನಡೆಯಬೇಕು. ಗಂಡ ಕನ್ನಡಿಯಲ್ಲಿ ತನ್ನನ್ನೇ ಕಂಡು ಯಾರೋ ಬಂದರೆಂದು ಎರಡು ಸಲ "ಕೂತ್ಕೊಳ್ಳಿ" ಎಂದ. ಉದ್ದಕ್ಕನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಕೈಗೆ ಕೆಲಸವಿಲ್ಲ, ಗಿರಾಕಿಗಳು ಫೋನು ಮಾಡಿ ಯಾವಾಗ, ಎಲ್ಲಿ ಎಂದು ಕೇಳುತ್ತಾರೆ, ಉತ್ತರವಿಲ್ಲ. ಇನ್ನೂ ಬಾರದ ಗಾಡಿಯ ಸೀಟಿಗೆ ಕವರು ಹೊಲಿದಳು. ಸರಿಯಿಲ್ಲವೆಂದು ಬಿಚ್ಚಿದಳು. ಮತ್ತೆ ಹೊಲಿದಳು. ಪರದೆಗೆ ಅಂಚು ಹಾಕಿದಳು. ಮಧ್ಯಾಹ್ನವಾಗುತ್ತಲೇ ಏನಾದರೊಂದು ನೆಪ ಹುಡುಕಿಕೊಂಡು ಗ್ಯಾರೇಜಿಗೆ ಹೊರಟುಬಿಡುತ್ತಿದ್ದಳು. ಒಮ್ಮೆ ಮೇಜಿನ ಅಂಚು ದುಂಡಗಿರಲಿ ಎಂದು ಹೇಳಲು, ಒಮ್ಮೆ ಮೇಜಿನ ಅಂಚು ಚೌಕವೇ ಇರಲಿ ಎಂದು ಹೇಳಲು.

ಗಾಡಿಯ ಕೆಲಸ ಚೆನ್ನಾಗಿಯೇ ನಡೆದಿತ್ತು. ಚೌಕಟ್ಟು ಎದ್ದಿತ್ತು, ಪಕ್ಕದ ತಗಡು ಕೂತಿತ್ತು, ಮೇಲಕ್ಕೆತ್ತಿದರೆ ನೆರಳಾಗುವ ಕಿಟಕಿಗೆ ಕೀಲು ಬಂದಿತ್ತು. ಆದರೆ ಗ್ಯಾರೇಜಿನಲ್ಲಿ ಏನೋ ಕಡಿಮೆಯಾಗುತ್ತಿತ್ತು. ತಗಡು ಬಗ್ಗಿಸುವ ದೊಡ್ಡ ಯಂತ್ರ ಒಂದು ದಿನ ಇರಲಿಲ್ಲ. ಕೇಳಿದರೆ ಮೇಸ್ತ್ರಿ "ರಿಪೇರಿಗೆ ಹೋಗಿದೆ" ಎಂದ. ಆಮೇಲೆ ಗೋಡೆಗೆ ನೇತುಹಾಕಿದ್ದ ಸಾಮಾನು ಒಂದು ಸಾಲಿನಷ್ಟು ಖಾಲಿಯಾಗಿತ್ತು. ಗೋಡೆಯ ಮೇಲೆ ಅವುಗಳ ಬೆಳ್ಳನೆಯ ಆಕಾರ ಮಾತ್ರ ಉಳಿದಿತ್ತು. ಇನ್ನೊಂದು ದಿನ ಹೋದಾಗ ಗುರುತಿಲ್ಲದ ಮನುಷ್ಯನೊಬ್ಬ ಟೇಪು ಹಿಡಿದು ಗ್ಯಾರೇಜಿನ ನೆಲವನ್ನು ಅಳೆಯುತ್ತಿದ್ದ. ಟೇಪು ಕಂಡರೆ ಉದ್ದಕ್ಕನ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ. ಜನ ಯಾವುದನ್ನು ಅಳೆಯುತ್ತಾರೋ ಅದನ್ನು ಬದಲಾಯಿಸಲು ಹೊರಟಿದ್ದಾರೆಂದೇ ಅವಳ ಅನುಭವ.

ಅಂದು ಮೇಸ್ತ್ರಿ ಇರಲಿಲ್ಲ. ಒಳಗೆ ಬಣ್ಣದವನೊಬ್ಬನೇ ತಗಡು ಉಜ್ಜುತ್ತಿದ್ದ. ಅವನು ಮೇಸ್ತ್ರಿಯ ಬಳಿ ಬಹಳ ಕಾಲದಿಂದ ಇದ್ದ ಕೆಲಸಗಾರ. ಹೆಸರಿಗೆ ಬಣ್ಣದವನು, ಆದರೆ ಈಚೆಗೆ ಬೆಸುಗೆಯನ್ನೂ ಅವನೇ ಹಾಕುತ್ತಿದ್ದುದನ್ನು ಅವಳು ನೋಡಿದ್ದಳು. ಇಬ್ಬರು ಮಕ್ಕಳ ತಂದೆ. ಅವಳು ಏನೂ ಕೇಳುವ ಮೊದಲೇ ಅವನು ಹೇಳಿದ:

"ಅಕ್ಕ, ನಿಮ್ಗೆ ಎಲ್ಲಾದ್ರೂ ಕೆಲಸದೋರು ಬೇಕು ಅಂತ ಕಿವಿಗೆ ಬಿದ್ರೆ ನನ್ನ ಹೆಸರು ಹೇಳಿ."

"ಯಾಕಪ್ಪ, ಇಲ್ಲಿ ಏನಾಯ್ತು?"

ಬಣ್ಣದವನು ಉಜ್ಜುವುದನ್ನು ನಿಲ್ಲಿಸಿದ. ಹೇಳಬಾರದ್ದನ್ನು ಹೇಳಿದೆನೆಂದು ಅವನ ಮುಖವೇ ಹೇಳುತ್ತಿತ್ತು. "ಮೇಸ್ತ್ರಿ ನಿಮ್ಗೆ ಹೇಳಿಲ್ವಾ? ಗ್ಯಾರೇಜು ಮಾರಿ ಮಗಳ ಊರಿಗೆ ಹೊರಟಿದಾರೆ."

ಮೇಸ್ತ್ರಿ ಬರುವವರೆಗೆ ಅವಳು ಗ್ಯಾರೇಜಿನ ಬಾಗಿಲಿನಿಂದ ಹಿಂದಿನ ಗೋಡೆಗೆ, ಹಿಂದಿನ ಗೋಡೆಯಿಂದ ಬಾಗಿಲಿಗೆ ತಿರುಗುತ್ತಲೇ ಇದ್ದಳು. ಅವನು ಬಂದವನು ಅವಳ ಮುಖ ನೋಡಿ, ಏನೂ ಕೇಳದೆ, ಒಂದು ಸ್ಟೂಲು ಅವಳಿಗೆ ಕೊಟ್ಟು ತಾನೊಂದರ ಮೇಲೆ ಕೂತ. ಅವಳು ಕೂರಲಿಲ್ಲ.

"ಐದು ವರ್ಷ ಅಂತ ಬಾಯಿ ತುಂಬಾ ಹೇಳಿದ್ರಲ್ಲ ಮೇಸ್ತ್ರಿ."

"ಹೇಳ್ದೆ."

"ಗ್ಯಾರೇಜೇ ಇರಲ್ಲ. ನೀವೂ ಇರಲ್ಲ. ಸೂರು ಸೋರಿದ್ರೆ ನಾನು ಯಾರ ಕೊರಳಪಟ್ಟಿ ಹಿಡೀಲಿ?"

ಮೇಸ್ತ್ರಿ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ. "ಬೆಸುಗೆ ನೋಡೀ ನೋಡೀ ಕಣ್ಣು ಮಂಜಾಗಿದೆ. ಇನ್ನು ಈ ಕೆಲಸ ಬೇಡ ಅಂದ್ರು ಡಾಕ್ಟ್ರು. ಮಗಳು ಬಂದುಬಿಡು ಅಂತ ವರ್ಷದಿಂದ ಕರೀತಿದಾಳೆ. ನೀವು ಬರೋ ಹೊತ್ತಿಗೆ ಜಾಗ ಮಾರೋ ಮಾತು ಮುಗಿದಿತ್ತು. ಹೊಸ ಕೆಲಸ ತಗೋಬಾರದು ಅಂತ ತೀರ್ಮಾನ ಮಾಡಿದ್ದೆ."

"ಮತ್ತೆ ನನ್ನದು ಯಾಕೆ ತಗೊಂಡ್ರಿ?"

"ಬಂದೋರೆಲ್ಲ ಸಾಮಾನು ಎಷ್ಟು ಹಿಡಿಸುತ್ತೆ ಅಂತ ಕೇಳ್ತಾರೆ. ನೀವು, ನಾನು ನೆಟ್ಟಗೆ ನಿಂತ್ಕೋಬೇಕು ಅಂದ್ರಿ. ಒಬ್ಬ ಮನುಷ್ಯನ ಅಳತೆಗೆ ಗಾಡಿ ಯಾವತ್ತೂ ಕಟ್ಟಿರಲಿಲ್ಲ. ಕಟ್ಟಬೇಕು ಅನ್ನಿಸ್ತು." ಕನ್ನಡಕ ಒರೆಸುತ್ತ ಹೇಳಿದ, "ವಾರಂಟಿ ಬಗ್ಗೆ ನಿಜ ಹೇಳಿದ್ರೆ ನೀವು ಹೊರಟು ಹೋಗ್ತಿದ್ರಿ."

"ಹೋಗ್ತಿದ್ದೆ."

"ಫೋನು ಇರುತ್ತೆ. ಏನಾದ್ರೂ ಆದ್ರೆ ಕೇಳಬಹುದು."

"ಫೋನಲ್ಲಿ ಬೆಸುಗೆ ಹಾಕ್ತೀರಾ?"

ಮೇಸ್ತ್ರಿ ಕನ್ನಡಕ ಮತ್ತೆ ಹಾಕಿಕೊಂಡ. "ಬೆಲೇನ ನೀವು ಹೇಳಿದಷ್ಟು ಇನ್ನೂ ಇಳಿಸ್ತೀನಿ," ಎಂದ ಕೊನೆಗೆ. ಅವಳಿಗೆ ಆ ಮಾತಿನಿಂದ ಸಮಾಧಾನವಾಗುವ ಬದಲು ಇನ್ನಷ್ಟು ಸಿಟ್ಟು ಬಂತು. ಬೆಲೆ ಇಳಿಸಿದರೆ ಸೂರು ಸೋರುವುದು ನಿಲ್ಲುತ್ತದೆಯೇ? ಸ್ಟೂಲನ್ನು ಗೋಡೆಯ ಬದಿಗೆ ತಳ್ಳಿ ಮನೆಗೆ ನಡೆದಳು.

ಮನೆಯಲ್ಲಿ ಗಂಡ ಹೇಳಿದ ದಾರಿ ಎರಡು. ಬೆಲೆ ಇಳಿಸಿಕೊಂಡು ಸುಮ್ಮನಾಗು, ಇಲ್ಲವೇ ಕೆಲಸ ನಿಲ್ಲಿಸಿ ಬೇರೆಯವರ ಹತ್ತಿರ ತೆಗೆದುಕೊಂಡು ಹೋಗು. ಮೊದಲನೆಯದು ಅವಳಿಗೆ ರುಚಿಸಲಿಲ್ಲ. ಎರಡನೆಯದಕ್ಕೆ ಮರುದಿನ ಬೆಳಗ್ಗೆಯೇ ಇನ್ನೊಂದು ಗ್ಯಾರೇಜಿಗೆ ಹೋಗಿ ಕೇಳಿ ಬಂದಳು. ಅರ್ಧ ಕಟ್ಟಿದ ಬಾಡಿಯನ್ನು ನಾವು ಮುಟ್ಟುವುದಿಲ್ಲ, ಬಿಚ್ಚಿ ಮೊದಲಿಂದ ಕಟ್ಟಬೇಕು ಎಂದರು. ಇನ್ನೊಬ್ಬರು ಅರ್ಧ ಹೊಲಿದು ಬಿಟ್ಟ ಬಟ್ಟೆಯನ್ನು ತಾನೂ ಮುಟ್ಟಲು ಹಿಂದೆ ಮುಂದೆ ನೋಡುತ್ತೇನಲ್ಲವೇ ಎಂದು ಅವಳಿಗೆ ಅನ್ನಿಸಿತು. ಯಾರು ಹೊಲಿಯಲು ಹಿಡಿದರೋ ಅವರೇ ಮುಗಿಸಬೇಕು. ಹಾಗೆ ಯೋಚಿಸುತ್ತ ಬಸ್ ನಿಲ್ದಾಣದಲ್ಲಿ ನಿಂತವಳಿಗೆ, ಈ ಬಾಡಿಯನ್ನು ನಿಜವಾಗಿ ಹೊಲಿದವನು ಯಾರು ಎಂಬ ಪ್ರಶ್ನೆ ಬಂತು. ಬಂದ ಬಸ್ಸನ್ನು ಬಿಟ್ಟು ನೆಟ್ಟಗೆ ಮೇಸ್ತ್ರಿಯ ಗ್ಯಾರೇಜಿಗೆ ನಡೆದಳು.

ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು. ಈ ಸಲ ತಾನೂ ಕೂತಳು.

"ಮೇಸ್ತ್ರಿ, ಈ ಬೆಸುಗೆ ಸೆಟ್ಟು, ಡ್ರಿಲ್ಲು, ಬಣ್ಣ ಹೊಡೆಯೋ ಕಂಪ್ರೆಸರ್ರು, ಇದು ಯಾರಿಗೆ ಹೋಗುತ್ತೆ?"

"ಗುಜರಿಯವನು ಕೇಳಿದಾನೆ."

"ಅವನಿಗೆ ಬೇಡ. ಇವನಿಗೆ ಕೊಡಿ. ನಾನು ನಿಮ್ಮ ಬೆಲೆಯಲ್ಲಿ ಕಡಿದೆನಲ್ಲ, ಅದರಲ್ಲಿ ಅರ್ಧ ವಾಪಸ್ ಏರಿಸ್ತೀನಿ. ಈ ಸಾಮಾನಿಗೆ ಅದೇ ಬೆಲೆ ಅಂದ್ಕೊಳ್ಳಿ. ತಮ್ಮ, ನೀನು ಒಂದು ಶೆಡ್ಡು ಹಿಡಿ. ನನ್ನ ಗಾಡಿ ವಾರಂಟಿ ನಿಂದು."

ಮೇಸ್ತ್ರಿ ಅವಳನ್ನೇ ನೋಡಿದ. ಬೆಲೆ ಏರಿಸುವ ಗಿರಾಕಿಯನ್ನು ಅವನು ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ, ಆ ಮಾತು ಬಾಯಿಂದ ಹೊರಬಿದ್ದಾಗ ಉದ್ದಕ್ಕನಿಗೂ ಅಚ್ಚರಿಯಾಗಿತ್ತು. ತಂಗಿಗೆ ಗೊತ್ತಾದರೆ ಇನ್ನು ಮುಂದೆ ಯಾವ ಅಂಗಡಿಗೂ ತನ್ನನ್ನು ಕರೆಯುವುದಿಲ್ಲ ಎನ್ನಿಸಿತ್ತು.

ಬಣ್ಣದವನು ಮಾತ್ರ ತಕ್ಷಣ ಒಪ್ಪಲಿಲ್ಲ. ಕುತ್ತಿಗೆ ಕೆರೆದುಕೊಂಡ, ಗಾಡಿಯ ಸುತ್ತ ಒಂದು ಸುತ್ತು ಹಾಕಿ ಬಂದ.

"ಅಕ್ಕ, ಐದು ವರ್ಷ ಆಗಲ್ಲ. ಎರಡು."

"ನಾಲ್ಕು."

"ಮೂರು. ಟೈರು, ಗಾಜು ನನಗೆ ಸಂಬಂಧ ಇಲ್ಲ. ನಾನು ಕಟ್ಟಿದ್ದಕ್ಕೆ ನಾನು, ನೀವು ಗುದ್ದಿದ್ದಕ್ಕೆ ನೀವು."

"ನಾನು ಗುದ್ದಲ್ಲ."

"ಗುದ್ದಲ್ಲ ಅಂದ್ರೆ ಬರೆಯೋಕೆ ಏನು ತೊಂದ್ರೆ?"

ಉದ್ದಕ್ಕನಿಗೆ ಎಷ್ಟೋ ದಿನಗಳ ಮೇಲೆ ನಗು ಬಂತು. ಎದುರಿಗಿರುವವನು ಹಿಂದೆಮುಂದೆ ನೋಡುತ್ತಿದ್ದಾನೆ, ಅಂದರೆ ಕೊಟ್ಟ ಮಾತಿನ ಭಾರ ಅವನಿಗೆ ಗೊತ್ತಿದೆ. ಇನ್ನೊಂದು ಗಂಟೆ ಎಳೆದಾಡಿ ಮೂರು ವರ್ಷಕ್ಕೆ ಒಪ್ಪಂದವಾಯಿತು. ಸೋರಿಕೆ, ಬೆಸುಗೆ, ಕೀಲು, ಬಣ್ಣ, ಇವು ಅವನ ಹೊಣೆ. ಫೋನು ಮಾಡಿದರೆ ಅವನೇ ಗಾಡಿ ಇರುವಲ್ಲಿಗೆ ಬರಬೇಕೆಂಬುದನ್ನು ಅವಳು ಕೊನೆಯಲ್ಲಿ ಸೇರಿಸಿದಳು. ಮೇಸ್ತ್ರಿ ತನ್ನ ಹಳೆಯ ಕಾಗದವನ್ನು ವಾಪಸ್ಸು ಕೇಳಿ ಹರಿದುಹಾಕಿದ. ಹರಿಯುವಾಗ ಅವನ ಮುಖ ಸಣ್ಣದಾಗಿತ್ತು. "ನನ್ನ ಸಹಿಗೆ ಬೆಲೆ ಇಲ್ಲದ ಹಾಗೆ ಮಾಡ್ಕೊಂಡೆ," ಎಂದ ಮೆಲ್ಲಗೆ. ಅವಳು ಗಾಡಿಯ ಕಡೆ ತಿರುಗಿದಳು. "ಕಿಟಕಿ ಕೀಲಿಗೆ ಎಣ್ಣೆ ಬಿಡಿಸಿ," ಎಂದಳು.

ಗಾಡಿ ಮುಗಿಯುವವರೆಗೂ ಮೇಸ್ತ್ರಿ ಮಗಳ ಊರಿಗೆ ಹೋಗಲಿಲ್ಲ. ಮಗಳು ಎರಡು ಸಲ ಹೊರಡುವ ದಿನ ಗೊತ್ತುಮಾಡಿದರೂ ಮುಂದಕ್ಕೆ ಹಾಕಿದ. ಕಣ್ಣಿಗೆ ಕಾಣದ್ದನ್ನು ಬೆರಳಿಂದ ಸವರಿ ನೋಡಿ, ಇಲ್ಲಿ ಉಬ್ಬಿದೆ, ಇಲ್ಲಿ ತಗ್ಗಿದೆ ಎಂದು ಬಣ್ಣದವನಿಂದ ಮತ್ತೆ ಮತ್ತೆ ಉಜ್ಜಿಸಿದ. ಬಣ್ಣದವನು ಗೊಣಗಿದರೂ ಉಜ್ಜಿದ. ಇನ್ನು ಅದರ ಹೊಣೆ ತನ್ನದೇ ಅಲ್ಲವೇ. ಕೊಡುವ ದಿನ ಉದ್ದಕ್ಕ ಒಳಗೆ ಹತ್ತಿ ಬೆನ್ನು ನೆಟ್ಟಗೆ ಮಾಡಿ ನಿಂತಳು. ಕೈಯೆತ್ತಿ ಸೂರು ಮುಟ್ಟಿದಳು. ಕೆಳಗಿದ್ದ ಮೇಸ್ತ್ರಿ "ಸರಿ ಇದೆಯಾ?" ಎಂದ. "ಅಂಗೈ ಅಗಲ ಇದೆ," ಎಂದಳು. ಅವನು ತಲೆದೂಗಿ, ಕೈ ಒರೆಸಿಕೊಂಡು, ಗ್ಯಾರೇಜಿನ ಬೀಗ ಹುಡುಕಲು ಹೋದ.

ನೆಮ್ಮದಿ ಎಂಬುದು ಅದಾದ ಮೇಲೂ ಅವಳಿಗೆ ಬರಲಿಲ್ಲ. ಹೊಸ ಗಾಡಿಯಲ್ಲಿ ಎಲ್ಲಿ ಕಿರ್ ಎಂದರೂ ಕಿವಿ ನಿಮಿರುತ್ತಿತ್ತು. ಗೇರು ಗಟ್ಟಿಯಾಗಿದೆ ಎಂದು ಷೋರೂಮಿಗೆ ಹೋದಾಗ ಮ್ಯಾನೇಜರ್ ಅವಳನ್ನು ಕಂಡವನೇ ಎದ್ದು ನಿಂತು, ಕಾಗದ ತೆಗೆಯುವ ಮೊದಲೇ "ಗಾಡಿ ಒಳಗೆ ಬಿಡಿ ಮೇಡಂ" ಎಂದ. ಬಣ್ಣದವನಿಗೂ ಮೊದಲ ತಿಂಗಳಲ್ಲಿ ಅವಳ ಫೋನು ಬಂದಷ್ಟು ಹೆಂಡತಿಯ ಫೋನೂ ಬಂದಿರಲಿಕ್ಕಿಲ್ಲ. ಅವನು ರೈಲು ಹಳಿಯ ಬದಿಯಲ್ಲಿ ಸಣ್ಣ ಶೆಡ್ಡು ಹಿಡಿದಿದ್ದ. ಉದ್ದಕ್ಕನ ಗಾಡಿಯನ್ನು ನೋಡಿ ಬಂದ ಗಾಜು ಒರೆಸುವ ಕೆಲಸದವರೊಬ್ಬರು ತಮಗೂ ಒಂದು ಕಟ್ಟಿಕೊಡೆಂದು ಮುಂಗಡ ಕೊಟ್ಟಿದ್ದರು.

ಮಳೆಗಾಲದ ಮೊದಲ ದೊಡ್ಡ ಮಳೆಗೆ ಸೂರು ಸೋರಿತು. ಹನಿ ಬಿದ್ದದ್ದು ನಟ್ಟನಡುವೆ, ಇಸ್ತ್ರಿ ಮೇಜಿನ ಮೇಲೆ. ಬಣ್ಣದವನು ಬಂದು ಸಂದಿಗೆ ಅಂಟು ಹಾಕಿ ಹೋದ. ಮತ್ತೆ ಸೋರಿತು. ಮತ್ತೆ ಬಂದು ಬೆಸುಗೆ ತೆಗೆದು ಹೊಸದಾಗಿ ಹಾಕಿದ. ಮತ್ತೆ ಸೋರಿತು. ಮೂರನೇ ಸಲ ಅವನು ಮುಖ ಗಂಟು ಹಾಕಿಕೊಂಡೇ ಬಂದ. ಗಾಡಿ ಅಂದು ಬ್ಯಾಂಕಿನ ಮುಂದೆ ನಿಂತಿತ್ತು. ಒಳಗೆ ಪರದೆಯ ಹಿಂದೆ ಬ್ಯಾಂಕಿನ ಕಾವಲುಗಾರ ಸೊಂಟಕ್ಕೆ ಟವೆಲು ಸುತ್ತಿಕೊಂಡು ನಿಂತಿದ್ದ. ಅವನ ಪ್ಯಾಂಟು ಉದ್ದಕ್ಕನ ಮೆಷಿನ್ನಿನ ಸೂಜಿಯ ಕೆಳಗಿತ್ತು. ಬಣ್ಣದವನು ಏಣಿ ಹಾಕಿ ಮೇಲೆ ಹತ್ತಿದ. ತಗಡಿನ ಮೇಲೆ ಅವನ ಮೊಣಕಾಲಿನ ಸದ್ದು ಅತ್ತಿಂದಿತ್ತ ಹರಿದಾಡಿತು.

"ಅಕ್ಕ, ಒಂದು ಚೊಂಬು ನೀರು ಕೊಡಿ," ಎಂದ ಮೇಲಿಂದ. ಅವಳು ಕಿಟಕಿಯಿಂದ ಕೈ ಚಾಚಿ ಕೊಟ್ಟಳು. ಅವನು ಅಲ್ಲಲ್ಲಿ ಸುರಿದು ನೋಡಿದ. "ಬೆಸುಗೆ ಸರಿ ಇದೆ ಅಕ್ಕ. ದೀಪದ ವೈರಿಗೆ ತೂತು ಕೊರೆದಿದ್ದೆನಲ್ಲ, ಅಲ್ಲಿಂದ ಬರ್ತಿದೆ. ನೀರು ಸೂರಿನ ಒಳಗೇ ಹರಿದು ಮೇಜಿನ ಮೇಲೆ ಬೀಳ್ತಿದೆ."

"ತೂತು ಕೊರೆದವರು ಯಾರು?"

ಮೇಲೆ ಚೊಂಬು ತಗಡಿಗೆ ತಗುಲಿದ ಸದ್ದು. "ನಾನೇ."

"ಹಾಗಾದ್ರೆ ವಾರಂಟಿ ಒಳಗೇ ಬಂತು."

"ಬಂತು ಬಂತು," ಎಂದು ಅವನು ಜೇಬಿನಲ್ಲಿ ತೂತಿಗೆ ಹಾಕುವ ರಬ್ಬರಿನ ಬಿಲ್ಲೆ ತಡಕತೊಡಗಿದ.

ಪರದೆಯ ಹಿಂದಿನಿಂದ ಕಾವಲುಗಾರ ತಲೆ ಹೊರಹಾಕಿ, ಮೇಲೊಮ್ಮೆ ಮೆಷಿನ್ನಿನ ಕಡೆಗೊಮ್ಮೆ ನೋಡಿದ. "ಅಕ್ಕೋರೆ, ನನ್ನದು ಇನ್ನೂ ಎಷ್ಟು ಹೊತ್ತು? ಮ್ಯಾನೇಜರು ಹೊರಗೆ ಬರೋ ಟೈಮು."

"ಅವನು ಇಳಿಯೋ ಹೊತ್ತಿಗೆ ನಿಮ್ಮದೂ ಆಗುತ್ತೆ," ಎಂದು ಉದ್ದಕ್ಕ ಹಲ್ಲಿನಿಂದ ದಾರ ಕಡಿದು, ಇನ್ನೊಂದು ಕಾಲಿನ ಅಂಚನ್ನು ಸೂಜಿಯ ಕೆಳಗೆ ತಳ್ಳಿದಳು.